ಬಾತಿಮಾಳ ಮೂರನೆಯ ಪಂಪು

ಕಜಾಕಸ್ತಾನದ ಅಸ್ತಾನಾದಲ್ಲಿ ನವೆಂಬರ್ ಗಾಳಿ ಎದ್ದರೆ ನಾಯಿ ಬೊಗಳಿದ ಸದ್ದು ನಾಯಿ ಬಾಯಿ ಮುಚ್ಚುವ ಮೊದಲೇ ಪಕ್ಕದ ಜಿಲ್ಲೆ ತಲುಪಿರುತ್ತದೆ. ಒಮ್ಮೆ ಪೊಲೀಸಿನವನೊಬ್ಬನ ಟೋಪಿ ಹಾರಿ, ರಷ್ಯಾದ ಗಡಿ ದಾಟಿ, ಅಲ್ಲೊಬ್ಬ ಕುರುಬನ ತಲೆಯ ಮೇಲೆ ಕೂತಿತು. ಅವನು ಅಂದಿನಿಂದ ಎಲ್ಲರ ಗಾಡಿ ನಿಲ್ಲಿಸಿ ಕಾಗದಪತ್ರ ಕೇಳುತ್ತಿದ್ದಾನೆ. ಅಂಥ ಗಾಳಿಯಲ್ಲಿ ಹೃದಯ ಸಂಶೋಧನಾ ಸಂಸ್ಥೆಯ ಮೆಟ್ಟಿಲು ಹತ್ತುತ್ತಿದ್ದ ಎಂಜಿನಿಯರ್ ಬಾತಿಮಾಗೆ ಗಾಳಿ ಬೀಸುತ್ತಿದೆ ಎಂಬುದೇ ತಿಳಿದಿರಲಿಲ್ಲ. ಅವಳ ತಲೆಯಲ್ಲಿ ಮುಷ್ಟಿಗಾತ್ರದ ಪಂಪೊಂದು ನಿಮಿಷಕ್ಕೆ ಮೂರು ಸಾವಿರ ಸುತ್ತು ಸುತ್ತುತ್ತಿತ್ತು.

ರಕ್ತವನ್ನು ತಳ್ಳುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಡ. ಆಲೂಗಡ್ಡೆ ಹೊಲಕ್ಕೆ ನೀರು ಹಾಯಿಸುವ ಪಂಪೂ ತಳ್ಳುತ್ತದೆ. ತಳ್ಳಿಸಿಕೊಂಡ ಮೇಲೂ ಅದು ರಕ್ತವಾಗಿಯೇ ಉಳಿಯಬೇಕಲ್ಲ, ಕಷ್ಟವಿರುವುದು ಅಲ್ಲಿ. ಸೋತ ಹೃದಯದ ಪಕ್ಕದಲ್ಲಿ ಕೂತು ದಿನಕ್ಕೆ ಏಳು ಸಾವಿರ ಲೀಟರು ದೂಡಬೇಕು, ಕಣಗಳ ಮೈಗೆ ಗೀರು ಬೀಳಬಾರದು. ಈ ಕೆಂಪು ಕಣಗಳಷ್ಟು ನಖರಾ ಮಾಡುವ ಜೀವಿಗಳು ಭೂಮಿಯ ಮೇಲೆ ಬೇರೆ ಇಲ್ಲ. ಇಕ್ಕಟ್ಟಿನಲ್ಲಿ ಜೋರಾಗಿ ಎಳೆದರೆ ಪಟ್ಟೆಂದು ಒಡೆಯುತ್ತವೆ. ಹೋಗಲಿ ಪಾಪ ಎಂದು ವಿಶಾಲವಾದ ಜಾಗ ಕೊಟ್ಟರೆ ಮದುವೆಮನೆಯ ನೆಂಟರ ಹಾಗೆ ಮೂಲೆ ಹಿಡಿದು ಕೂರುತ್ತವೆ, ಕೂತಲ್ಲೇ ಹೆಪ್ಪುಗಟ್ಟುತ್ತವೆ.

ಬಾತಿಮಾಳ ಮೊದಲ ಪಂಪಿನಲ್ಲಿ ತಿರುಗುವ ಚಕ್ರಕ್ಕೂ ಗೋಡೆಗೂ ನಡುವೆ ಕೂದಲು ತೂರುವಷ್ಟೇ ಸಂದು. ಕಣಗಳು ಬೀಸುವ ಕಲ್ಲಿಗೆ ಬಿದ್ದ ಗೋಧಿಯಾದವು. ಎರಡನೆಯದರಲ್ಲಿ ಸಂದು ಅಗಲ ಮಾಡಿದಳು. ಚಕ್ರದ ಬೆನ್ನ ಹಿಂದೆ ರಕ್ತ ನಿಂತುಬಿಟ್ಟು, ಬಿಚ್ಚಿ ನೋಡಿದರೆ ಕುರಿಮರಿಯಷ್ಟು ದೊಡ್ಡ ಹೆಪ್ಪು. ಮುಷ್ಟಿಗಾತ್ರದ ಪಂಪಿನಲ್ಲಿ ಕುರಿಮರಿ ಹೇಗೆ ಹಿಡಿಯಿತು ಎಂದು ಕೇಳುವವರು ಅಂದು ಬಾತಿಮಾಳ ಮುಖ ನೋಡಿಲ್ಲ.

ಮೂರನೆಯದಕ್ಕೆ ಎರಡು ವರ್ಷ ಹಿಡಿಯಿತು. ಇದರ ಚಕ್ರಕ್ಕೆ ಅಚ್ಚೇ ಇಲ್ಲ. ಆಯಸ್ಕಾಂತಗಳ ಸೆಳೆತದಲ್ಲಿ, ಯಾವ ಗೋಡೆಗೂ ತಾಗದೆ, ರಕ್ತದ ನಡುವೆ ತೇಲುತ್ತ ತಿರುಗುತ್ತದೆ. ಚಕ್ರದ ಮಧ್ಯೆ ತೂತು ಬಿಟ್ಟು, ಬೆನ್ನ ಹಿಂದೆ ಕಾಲು ಚಾಚಿ ಕೂರಲು ಬಂದ ರಕ್ತ ಆ ದಾರಿಯಲ್ಲೇ ಹೊರಗೆ ಹೋಗುವಂತೆ ಮಾಡಿದ್ದಳು. ರೆಕ್ಕೆಗಳ ಅಂಚು ಎಷ್ಟು ನಯವೆಂದರೆ ಅದರ ಮೇಲೆ ಕೂತ ನೊಣವೊಂದು ಜಾರಿಬಿದ್ದು ಕಾಲು ಮುರಿದುಕೊಂಡಿತು. ಕಂಪ್ಯೂಟರಿನ ಪರದೆಯ ಮೇಲೆ ಈ ಪಂಪು ಗೆದ್ದಿತ್ತು. ನಿಜವಾದ ಎತ್ತಿನ ರಕ್ತ ಸುರಿದಾಗ ಸೋತಿತು. ಸೋಮವಾರ ಸೋತಿತು, ಮಂಗಳವಾರ ಇನ್ನೂ ಚೆನ್ನಾಗಿ ಸೋತಿತು.

ಮಂಗಳವಾರ ಸಂಜೆ ನಾಲ್ಕಕ್ಕೆ ರಕ್ತಪರೀಕ್ಷೆಯ ಕೋಣೆಯ ರೈಸಾ ಪಾವ್ಲೋವ್ನಾ ಗಾಜಿನ ಕೊಳವೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂವತ್ತು ವರ್ಷದಿಂದ ಆ ಕೋಣೆಯಲ್ಲಿದ್ದರೂ ಒಂದು ಸಲವೂ ನಕ್ಕವಳಲ್ಲ. ರಕ್ತವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕಣಗಳು ತಳಕ್ಕೆ ಇಳಿದು ಮೇಲೆ ತಿಳಿ ನಿಲ್ಲುತ್ತದೆ. ಕಣಗಳು ನೆಟ್ಟಗಿದ್ದರೆ ತಿಳಿ ಒಣಹುಲ್ಲಿನ ಬಣ್ಣ. ಒಡೆದಿದ್ದರೆ ಕೆಂಪು. ಆಕೆಯ ಕೈಯಲ್ಲಿದ್ದದ್ದು ಚೆರ್ರಿ ಹಣ್ಣಿನ ರಸದಂತಿತ್ತು.

"ಮಿತಿಯ ಎಂಟು ಪಟ್ಟು," ಅಂದಳು ರೈಸಾ. "ಬಾತಿಮಾ, ಇದು ಪಂಪಲ್ಲ ಕಣೇ, ಕೀಮಾ ಮಾಡೋ ಯಂತ್ರ."

ನಿರ್ದೇಶಕ ಕುವಾಂದಿಕ್ ಬಾಗಿಲಲ್ಲೇ ನಿಂತಿದ್ದ. ಆತನ ಹೊಟ್ಟೆ ಎಲ್ಲ ಸಭೆಗಳಿಗೂ ಆತನಿಗಿಂತ ಐದು ನಿಮಿಷ ಮೊದಲು ಬರುತ್ತಿತ್ತು. ಕಂಕುಳಲ್ಲಿ ಯಾವಾಗಲೂ ಹೊರದೇಶದ ಪಂಪುಗಳ ಬಣ್ಣದ ಪುಸ್ತಕ.

"ಶುಕ್ರವಾರ ಕೊನೇ ಪರೀಕ್ಷೆ," ಅಂದ. "ಅದೂ ಹೀಗೇ ಆದ್ರೆ ನಿನ್ನ ಕಾರ್ಖಾನೆಗೆ ಬೀಗ. ನಿನಗೆ ಆಸ್ಪತ್ರೆ ಮಂಚದ ಚಕ್ರ ರಿಪೇರಿ ಮಾಡೋ ವಿಭಾಗದಲ್ಲಿ ಒಂದು ಕುರ್ಚಿ ನೋಡಿಟ್ಟಿದೀನಿ. ಅಲ್ಲೂ ಚಕ್ರಾನೇ ಇರುತ್ತೆ, ಬೇಜಾರಾಗಲ್ಲ."

"ಅಗಾಯ್, ಈ ಪಂಪಿನಲ್ಲಿ ಕಣ ಒಡೆಯೋಕೆ ಜಾಗಾನೇ ಇಲ್ಲ," ಅಂದಳು ಬಾತಿಮಾ, ಮೇಲಿನವರನ್ನು ಕರೆಯುವ ಮರ್ಯಾದೆ ಬಿಡದೆ.

"ಹಾಗಾದ್ರೆ ತಾವೇ ನಾಚಿಕೊಂಡು ಕೆಂಪಗಾದ್ವಾ?"

ಬಾತಿಮಾ ಅಂದಿನಿಂದ ಮನೆಗೆ ಹೋಗುವುದನ್ನೇ ಬಿಟ್ಟಳು. ಸಂಸ್ಥೆಯ ಸೋಫಾದ ಮೇಲೆ ಒರಗಿ ಚಕ್ರದ ಒಂದೊಂದು ರೆಕ್ಕೆಯನ್ನೂ ಸಾವಿರ ಸಲ ಅಳೆದಳು. ಬುಧವಾರ ಬೆಳಿಗ್ಗೆ ಅಳೆಯಲು ಏನೂ ಉಳಿಯದಿದ್ದಾಗ ಆಕೆಯ ಕಣ್ಣು ಶೈತ್ಯದ ಕಪಾಟಿನಲ್ಲಿದ್ದ ಉಕ್ಕಿನ ಕ್ಯಾನಿನ ಮೇಲೆ ಬಿತ್ತು. ಮಂಗಳವಾರದ ರಕ್ತದಲ್ಲಿ ಒಂದು ಬಟ್ಟಲಿನಷ್ಟು ಅದರ ತಳದಲ್ಲಿ ಉಳಿದಿತ್ತು. ಪಂಪಿನ ಮುಖವನ್ನೇ ನೋಡದ ರಕ್ತ.

ಅದನ್ನು ಯಾರೂ ಪರೀಕ್ಷಿಸಿರಲಿಲ್ಲ. ರಕ್ತ ಪಂಪಿನಲ್ಲಿ ಹತ್ತು ನಿಮಿಷ ಸುತ್ತಿ ಬೆಚ್ಚಗಾದ ಮೇಲೆಯೇ ಮೊದಲ ಮಾದರಿ ತೆಗೆಯಬೇಕು, ಅದಕ್ಕೆ ಮೊದಲು ತೆಗೆಯುವುದು ದಂಡ ಎಂದು ಕುವಾಂದಿಕ್‌ನೇ ಕಟ್ಟಳೆ ಮಾಡಿ ಗೋಡೆಗೆ ಅಂಟಿಸಿದ್ದ.

ರೈಸಾ ಬೈಯುತ್ತಲೇ ಯಂತ್ರ ತಿರುಗಿಸಿದಳು. ಕೊಳವೆ ಹೊರಬಂತು. ತಿಳಿ ಕೆಂಪಗೆ ಇತ್ತು.

ಇಬ್ಬರೂ ಅದನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ಬರೋವಾಗಲೇ ಸತ್ತು ಬಂದಿದೆ," ಅಂದಳು ರೈಸಾ. "ಕೊಲೆ ದಾರೀಲೇ ಆಗಿದೆ. ರಕ್ತ ತರೋ ಅಜ್ಜನ್ನೇ ಕೇಳಬೇಕು."

ರಕ್ತ ತರುತ್ತಿದ್ದ ಅಜ್ಜ ಬಾತಿಮಾಳ ಮಾವ.

ಅದಕ್ಕೂ ಕಾರಣವಿತ್ತು. ಐವತ್ತು ಕಿಲೋಮೀಟರು ಆಚೆಯ ಹಳ್ಳಿಯ ಕಸಾಯಿಖಾನೆಯವರು ರಕ್ತ ಎಂದರೆ ನೆಲಕ್ಕೆ ಹರಿಸುವ ವಸ್ತು ಎಂದಷ್ಟೇ ತಿಳಿದವರು. ಕ್ಯಾನು ಹಿಡಿದು ರಕ್ತ ಕೇಳಲು ಹೋದ ಸಂಸ್ಥೆಯ ಇಬ್ಬರನ್ನು ಮಾಟಗಾರರೆಂದು ಅಟ್ಟಿಸಿಕೊಂಡು ಬಂದಿದ್ದರು. ಅದೇ ಹಳ್ಳಿಯ ತಾಸ್ತೆಮಿರ್ ಹೋಗಿ ಕೇಳಿದರೆ ಇಲ್ಲವೆನ್ನುವ ಧೈರ್ಯ ಯಾರಿಗೂ ಇಲ್ಲ. ನಲವತ್ತು ವರ್ಷ ಕುದುರೆ ಹಿಂಡು ಕಾದವನು. ಅವನು ಕೆಮ್ಮಿದರೆ ಮೂರು ಗುಡ್ಡದಾಚೆಯ ಕುದುರೆಗಳು ಸಾಲಾಗಿ ನಿಲ್ಲುತ್ತವೆ. ಸೊಸೆಯ ಪಂಪಿಗೆ ಬೇಕು ಎಂದದ್ದಕ್ಕೆ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಪಕ್ಕದ ಮನೆಯ ಸಾಬಿತನ ಹಳೇ ವ್ಯಾನು ಹೊರಡಿಸಿಕೊಂಡು ಬೆಳಗಾಗುವ ಮೊದಲು ಕಸಾಯಿಖಾನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ.

ಬಾತಿಮಾ ಕೊಳವೆ ಹಿಡಿದು ಕುವಾಂದಿಕ್‌ನ ಕೋಣೆಗೆ ಓಡಿದಳು.

"ಸರಿ," ಅಂದ ಆತ, ಕೊಳವೆಯನ್ನು ತಿರುಗಿಸಿ ನೋಡಿ. "ತರೋವಾಗ ಕೆಡಿಸಿದಾರೆ ಅಂತ ಬರೆದುಕೊಡು, ಎರಡು ಪರೀಕ್ಷೇನೂ ರದ್ದು ಮಾಡಿ ತಿಂಗಳು ವಾಯಿದೆ ಕೊಡ್ತೀನಿ. ಯಾರು ತಂದದ್ದು? ಹೆಸರು ಹೇಳು."

"ನಮ್ಮ ಮನೆ ಹಿರಿಯರು."

"ಹೆಸರು ಕಣಮ್ಮಾ."

ಸೊಸೆಯಾದವಳು ಮಾವನ ಹೆಸರು ಹೇಳುವುದುಂಟೇ? ಇಪ್ಪತ್ತೆರಡು ವರ್ಷದಲ್ಲಿ ಆ ಹೆಸರು ಅವಳ ನಾಲಿಗೆಯ ಮೇಲೆ ಒಮ್ಮೆಯೂ ಕೂತಿರಲಿಲ್ಲ. "ಮೊದಲರ್ಧ ಕಲ್ಲು, ಕೊನೆಯರ್ಧ ಕಬ್ಬಿಣ," ಅಂದಳು ನೆಲ ನೋಡುತ್ತ.

"ಓಹೋ, ತಾಸ್ ಅಂದ್ರೆ ಕಲ್ಲು, ತೆಮಿರ್ ಅಂದ್ರೆ ಕಬ್ಬಿಣ, ತಾಸ್ತೆಮಿರ್ ಅಜ್ಜ!" ಕುವಾಂದಿಕ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಖುಷಿಪಟ್ಟ. "ಹಾಗಾದ್ರೆ ಬರೆ. ಮಾವ ತಪ್ಪು ಮಾಡಿದ್ರು ಅಂತ ಬರೆದು ಸಹಿ ಹಾಕು. ಸಭೇಲಿ ನಾನೇ ಗಟ್ಟಿಯಾಗಿ ಓದ್ತೀನಿ."

ಬಾತಿಮಾಳ ಕಣ್ಣ ಮುಂದೆ ಆ ಕಾಗದ ಹಳ್ಳಿ ತಲುಪುವುದು, ಮುದುಕ ಅದನ್ನು ಕೇಳಿಸಿಕೊಂಡು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಳ್ಳುವುದು, ನೆರೆಯವರು ಏಳು ತಲೆಮಾರಿನವರೆಗೆ ಈ ಕಥೆ ಹೇಳುವುದು, ಎಲ್ಲ ಹಾದುಹೋಯಿತು.

"ಬರೆಯಲ್ಲ ಅಗಾಯ್. ಶುಕ್ರವಾರ ಒಳ್ಳೇ ರಕ್ತ ಬರುತ್ತೆ."

"ಬರದಿದ್ರೆ?"

"ಮಂಚದ ಚಕ್ರ ರಿಪೇರಿ ಮಾಡ್ತೀನಿ."

ಗುರುವಾರ ಬೆಳಗಿನ ಮಂಜಿನಲ್ಲಿ ಅವಳೂ ಹಳ್ಳಿಗೆ ಹೋಗಿ ವ್ಯಾನು ಹತ್ತಿದಳು. ಅಳತೆಗೆ ಒಂದಿಷ್ಟು ರಕ್ತ ಬೇಕಿದೆ, ಜೊತೆಗೆ ಗಾಳಿಸೇವನೆಯೂ ಆಗುತ್ತದೆ ಎಂದು ನೆಪ ಹೇಳಿದಳು. ಆ ಗಾಳಿಯನ್ನು ಸೇವಿಸಲು ಹೊರಟವರು ಯಾರೂ ಹಿಂದಿರುಗಿದ್ದಿಲ್ಲವಾದರೂ ತಾಸ್ತೆಮಿರ್ ಅನುಮಾನಪಡಲಿಲ್ಲ. ಕಸಾಯಿಖಾನೆಯಲ್ಲಿ ಎಲ್ಲವೂ ಸರಿಯಾಗಿತ್ತು. ಕ್ಯಾನು ಚೊಕ್ಕವಾಗಿತ್ತು, ಹೆಪ್ಪುಗಟ್ಟದಂತೆ ತಡೆಯುವ ಔಷಧಿ ತಳದಲ್ಲಿತ್ತು, ರಕ್ತ ನೊರೆಯಿಲ್ಲದೆ ಇಳಿಯಿತು. ಬಾತಿಮಾ ಔಷಧಿ ಹಾಕಿದ ಪುಟ್ಟ ಬಾಟಲಿಯಲ್ಲಿ ತನ್ನ ಪಾಲು ಹಿಡಿದು, ಮುಚ್ಚಳ ಬಿಗಿದು, ಮೆಲ್ಲಗೆ ಎರಡು ಸಲ ಓರೆ ಮಾಡಿ, ಕೋಟಿನ ಒಳಗಿಟ್ಟುಕೊಂಡಳು.

ವ್ಯಾನು ಹೆದ್ದಾರಿಗೆ ಬಂತು. ತಾಸ್ತೆಮಿರ್ ಕ್ಯಾನನ್ನು ಎರಡು ಮೊಣಕಾಲ ನಡುವೆ ಇರುಕಿಸಿಕೊಂಡ. ಅಂಗಿಯ ತೋಳು ಮಡಚಿದ. ಆಸನದ ಕೆಳಗಿನಿಂದ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಉದ್ದನೆಯ ಕಡೆಗೋಲು ತೆಗೆದ. ಹೆಣ್ಣುಕುದುರೆಯ ಹಾಲನ್ನು ಹುಳಿ ಬರಿಸಿ ಕುಮಿಸ್ ಕಡೆಯುವ, ಅವನ ಅಜ್ಜನ ಕಾಲದ ಕಡೆಗೋಲು.

"ಒಂದು," ಅಂದ. ಗುಡುಂ.

"ಅತಾ," ಅಂದಳು ಬಾತಿಮಾ, ಮಾವನನ್ನು ಮನೆಯಲ್ಲಿ ಕರೆಯುವ ಹಾಗೆ. "ಇದು... ಏನು ಮಾಡ್ತಿದೀರಿ?"

"ಬೆರೆಸ್ತಿದೀನಿ ತಾಯೀ. ಔಷಧಿ ಚೆನ್ನಾಗಿ ಬೆರೀಬೇಕು ಅಂತ ಆ ರಷ್ಯಾದ ಅಮ್ಮ ಹೇಳಿದ್ರಲ್ಲ. ಎರಡು. ಅವ್ರಿಗೇನು ಗೊತ್ತು, ಪೇಟೆಯೋರು, ಎರಡು ಸಲ ಓರೆ ಮಾಡಿ ಸಾಕು ಅಂದ್ರು. ಮೂರು. ಸುಮ್ನೆ ಬಿಟ್ಟ ಕುಮಿಸ್ ಕೆಟ್ಟುಹೋಗಲ್ವಾ? ಸಾವಿರ ಏಟು ಬೀಳದೆ ನಾನು ಯಾವತ್ತೂ ಯಾರಿಗೂ ಬಡಿಸಿಲ್ಲ. ನಾಲ್ಕು."

ಮುಂದಿನಿಂದ ಸಾಬಿತ್ ಹೆಮ್ಮೆಯಿಂದ ತಿರುಗಿದ. "ಮಂಗಳವಾರ ಸಾವಿರದ ಇನ್ನೂರು ಹೊಡೆದ್ರು ಅಕ್ಕಾ! ದಾರೀಲಿ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು, ಟೈಮಿತ್ತು."

ಬಾತಿಮಾ ತುಟಿ ಕಚ್ಚಿಕೊಂಡಳು. ಅವಳ ಚಕ್ರದ ರೆಕ್ಕೆಗೂ ಗೋಡೆಗೂ ನಡುವಿನ ಸಂದನ್ನು ಅಳೆಯಲು ಎರಡು ವರ್ಷ. ಇಲ್ಲಿ ಬರ್ಚ್ ಮರದ ಕಡೆಗೋಲೊಂದು ಕ್ಯಾನಿನ ತಳಕ್ಕೆ ಗುಡುಂ ಗುಡುಂ ಎಂದು ಬಡಿಯುತ್ತಿದೆ. ಒಂದೊಂದು ಏಟಿಗೂ ಕೋಟಿ ಕಣಗಳು ಅಮ್ಮಾ ಎಂದು ಕೂಗಿದ್ದು ಅವಳೊಬ್ಬಳಿಗೇ ಕೇಳಿಸಿತು. ನಿಲ್ಲಿಸಿ ಎನ್ನುವಂತಿಲ್ಲ. ಮಾವನಿಗೆ ತಪ್ಪು ಎತ್ತಿ ತೋರಿಸಿದ ಸೊಸೆ ಆ ಹುಲ್ಲುಗಾವಲಿನಲ್ಲಿ ಇನ್ನೂ ಹುಟ್ಟಿಲ್ಲ. ಅದೂ ಕಡೆಯುವ ವಿಷಯದಲ್ಲಿ, ಅದೂ ತಾಸ್ತೆಮಿರನಿಗೆ! ಆರುನೂರ ನಲವತ್ತನೆಯ ಏಟಿನ ಹೊತ್ತಿಗೆ ಅವಳಿಗೆ ಒಂದು ಉಪಾಯ ಹೊಳೆಯಿತು.

"ಅತಾ, ನಿಮ್ಮ ಕಣ್ಣು ನನಗೆ ಬೇಕಾಗಿದೆ," ಅಂದಳು. "ಸಂಸ್ಥೇಲಿ ಎರಡು ರಕ್ತ ಇದೆ. ಯಾವುದು ಒಳ್ಳೇದು ಅಂತ ನಮಗೆ ಯಾರಿಗೂ ಗೊತ್ತಾಗ್ತಿಲ್ಲ."

"ಅಷ್ಟೆಲ್ಲ ಓದಿದೋರಿಗೂ?"

"ಓದಿದೋರಿಗೇ ಗೊತ್ತಾಗಲ್ಲ."

ಮುದುಕ ಗಡ್ಡ ನೀವಿಕೊಂಡ. ಆ ಒಂದು ಮಾತಿಗೆ ಅವನ ಎದೆ ಎಷ್ಟು ಉಬ್ಬಿತೆಂದರೆ ವ್ಯಾನಿನ ಕಿಟಕಿಯ ಗಾಜು ಬಿರುಕು ಬಿಟ್ಟಿತು.

ರೈಸಾಳ ಕೋಣೆಯಲ್ಲಿ ಎರಡು ಕೊಳವೆ ತಿರುಗಿ ನಿಂತವು. ಒಂದು ಬಾತಿಮಾಳ ಕೋಟಿನೊಳಗೆ ಬಂದದ್ದು, ಇನ್ನೊಂದು ಕ್ಯಾನಿನದು. ಯಾವುದು ಯಾವುದೆಂದು ಬಾತಿಮಾ ಹೇಳಲಿಲ್ಲ. ಹೇಳಲು ಬಾಯಿ ತೆಗೆದ ರೈಸಾಳ ಕಾಲನ್ನು ಮೇಜಿನ ಕೆಳಗೆ ತುಳಿದಳು.

ತಾಸ್ತೆಮಿರ್ ಎರಡನ್ನೂ ಕಿಟಕಿಗೆ ಹಿಡಿದ. ಬಲಗಡೆಯದರ ತಿಳಿ ಒಣಹುಲ್ಲಿನ ಬಣ್ಣಕ್ಕಿತ್ತು, ಎಡಗಡೆಯದು ಕೆಂಪು. ಅವನಿಗೆ ಒಂದು ಚಿಟಿಕೆ ನಶ್ಯ ಏರಿಸುವಷ್ಟು ಹೊತ್ತೂ ಬೇಕಾಗಲಿಲ್ಲ.

"ಇದು ಮೇಯೋಕೆ ಬಿಟ್ಟ ಕುದುರೆ ಹಾಗಿದೆ, ಇದರ ಮೈಮೇಲೆ ಯಾರೂ ಕೈ ಹಾಕಿಲ್ಲ," ಅಂದ ಬಲಗಡೆಯದನ್ನು ತೋರಿಸಿ. ಎಡಗಡೆಯದನ್ನು ಮೂಗಿನ ಹತ್ತಿರ ತಂದು ಮುಖ ಸಿಂಡರಿಸಿದ. "ಇದನ್ನ ಯಾರೋ ಹೊಡೆದು ಹೊಡೆದು ಸಾಯಿಸಿದಾರೆ. ಒಳಗಿನ ಬಣ್ಣವೆಲ್ಲ ಹೊರಗೆ ಬಂದಿದೆ ನೋಡು. ಯಾವ ಕತ್ತೆ ಇದನ್ನ ಇಷ್ಟು ಕಡೆ..."

ಮಾತು ಅಲ್ಲಿಗೇ ನಿಂತಿತು.

ಹೊರಗೆ ಗಾಳಿಯೂ ನಿಂತಿತು. ಅಸ್ತಾನಾದಲ್ಲಿ ಗಾಳಿ ನಿಂತದ್ದು ಆ ಶತಮಾನದಲ್ಲಿ ಅದೊಂದೇ ಸಲ. ಬಾತಿಮಾ ತನ್ನ ಬೂಟಿನ ತುದಿ ನೋಡುತ್ತಿದ್ದಳು. ಮುದುಕ ಕಂಕುಳಲ್ಲಿದ್ದ, ಬಟ್ಟೆ ಸುತ್ತಿದ ಕಡೆಗೋಲನ್ನು ನೋಡಿದ, ಕೊಳವೆಯನ್ನು ನೋಡಿದ, ಸೊಸೆಯ ಬಗ್ಗಿದ ತಲೆಯನ್ನು ನೋಡಿದ.

"ಈ ಕತ್ತೆ ಯಾರು ಅಂತ ನಿಮ್ಮ ದಪ್ಪ ಸಾಹೇಬರಿಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ ಅತಾ."

"ರಷ್ಯಾದ ಅಮ್ಮನಿಗೆ?"

"ನನಗೆ ಕನ್ನಡಕ ಇಲ್ದೆ ಏನೂ ಕಾಣಲ್ಲ ಅಜ್ಜಾ," ಅಂದಳು ರೈಸಾ, ಕನ್ನಡಕ ಹಾಕಿಕೊಂಡೇ.

"ಒಳ್ಳೇದು," ಅಂದ ತಾಸ್ತೆಮಿರ್. "ನಾಳೆಯಿಂದ ಆ ಕತ್ತೇನ ನಾನು ವ್ಯಾನಿಗೆ ಹತ್ತಿಸಲ್ಲ. ರಕ್ತ ನಾನೊಬ್ಬನೇ ತರ್ತೀನಿ."

ಶುಕ್ರವಾರ ಎಂಟಕ್ಕೆ ಬರಬೇಕಾದ ರಕ್ತ ಒಂಬತ್ತಾದರೂ ಬರಲಿಲ್ಲ. ಕುವಾಂದಿಕ್ ಮೂವರು ಪರೀಕ್ಷಕರನ್ನು ಕರೆದುಕೊಂಡು ಬಂದು ಸಾಲಾಗಿ ಕೂರಿಸಿದ್ದ. ಬೀಗ, ಅದರ ಕೀಲಿಕೈ ಎರಡನ್ನೂ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದ. ಬಾತಿಮಾ ಕಿಟಕಿಯಲ್ಲಿ ನಿಂತು ರಸ್ತೆ ನೋಡಿ ನೋಡಿ ರಸ್ತೆ ಸವೆಯಿತು.

ಅತ್ತ ಹೆದ್ದಾರಿಯಲ್ಲಿ ಇತಿಹಾಸವೇ ನಡೆಯುತ್ತಿತ್ತು. ತಾಸ್ತೆಮಿರ್ ಮನೆಯ ಹಾಸಿಗೆ ದುಪ್ಪಟಗಳನ್ನೆಲ್ಲ ವ್ಯಾನಿಗೆ ಹೇರಿ, ಅದರ ಮೇಲೆ ಕೂತು, ಕ್ಯಾನನ್ನು ಎಳೆಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು, ಸಾಬಿತನ ಕುತ್ತಿಗೆಪಟ್ಟಿಯನ್ನು ಲಗಾಮಿನಂತೆ ಹಿಡಿದಿದ್ದ. ಹಳ್ಳ ಬಂದರೆ ಎಳೆದ, ಉಬ್ಬು ಬಂದರೆ ಎಳೆದ. ವ್ಯಾನಿನ ಹಿಂದೆ ನಾಲ್ಕು ಕಿಲೋಮೀಟರು ಸಾಲು. ಒಂದು ಮುದಿ ಆಮೆ ಅವರನ್ನು ದಾಟಿ ಹೋಗುತ್ತ ತಿರುಗಿ ನೋಡಿತು. ನವೆಂಬರಿನಲ್ಲಿ ಆಮೆಗಳು ನಿದ್ದೆ ಮಾಡುತ್ತವೆ ಎನ್ನುವವರುಂಟು, ಆವತ್ತಿನ ಹಾರನ್ ಸದ್ದಿಗೆ ಅದು ಎದ್ದಿತ್ತು. ಕೊನೆಗೆ ಪೊಲೀಸಿನವನೊಬ್ಬ ಅಡ್ಡ ಬಂದ.

"ಏನು ಅಜ್ಜಾ, ಮದುವೆಯೋ ಸಾವೋ?"

"ಎರಡೂ ಅಲ್ಲ, ರಕ್ತ. ಕೂಗಬೇಡ, ಬೆಚ್ಚುತ್ತೆ."

ಪೊಲೀಸಿನವನು ಎರಡು ಹೆಜ್ಜೆ ಹಿಂದೆ ಸರಿದು, ಟೋಪಿ ಭದ್ರ ಮಾಡಿಕೊಂಡು, ತನ್ನ ಗಾಡಿಯನ್ನೇ ಮುಂದೆ ಬಿಟ್ಟು ದಾರಿ ಮಾಡಿಕೊಟ್ಟ.

ಹತ್ತಕ್ಕೆ ಕ್ಯಾನು ಬಂತು. ಈ ಸಲ ಬಾತಿಮಾ ಗೋಡೆಯ ಕಟ್ಟಳೆಯನ್ನು ಎಲ್ಲರ ಎದುರಿಗೇ ಹರಿದು, ಪಂಪಿಗೆ ಸುರಿಯುವ ಮೊದಲೇ ಒಂದು ಮಾದರಿ ತೆಗೆದಳು. ಒಣಹುಲ್ಲು! ಕುವಾಂದಿಕ್‌ನ ಹುಬ್ಬು ಏರಿತು. "ಈಗ ಪಂಪಿಗೆ ನೆಪ ಇಲ್ಲ," ಅಂದ. ಅದಂತೂ ನಿಜ. ಇಷ್ಟು ದಿನ ಅವಳ ಪಂಪು ನಿರಪರಾಧಿ ಎಂದುಕೊಳ್ಳಲು ಒಂದು ದಾರಿಯಿತ್ತು. ಈಗ ಕೆಂಪಾದರೆ ಅದು ಪೂರ್ತಿ ಅವಳದೇ ಕೆಂಪು.

ಚಕ್ರ ತೇಲಿತು, ತಿರುಗಿತು. ಎತ್ತಿನ ರಕ್ತ ಕೊಳವೆಗಳಲ್ಲಿ ಸುತ್ತಲು ಶುರುವಿಟ್ಟಿತು. ಆರು ಗಂಟೆ ಸುತ್ತಬೇಕು. ಪಂಪಿನ ಸದ್ದು ಎಷ್ಟು ಕಡಿಮೆಯೆಂದರೆ ಪರೀಕ್ಷಕರ ಹೊಟ್ಟೆಯ ಗುಡುಗುಡು ಕೇಳಿಸುತ್ತಿತ್ತು. ತಾಸ್ತೆಮಿರ್ ಕುರ್ಚಿ ಎಳೆದು ಪಂಪಿನ ಪಕ್ಕ ಕೂತು ಗಂಟೆಗೆ ಹತ್ತು ಸಲಹೆ ಕೊಟ್ಟ: ಚಕ್ರಕ್ಕೆ ಕುರಿಕೊಬ್ಬು ಸವರಿ, ಮಧ್ಯಾಹ್ನ ಒಂದಿಷ್ಟು ನಿಲ್ಲಿಸಿ ಸುಧಾರಿಸಿಕೊಳ್ಳಲಿ, ಹಿಂದಕ್ಕೂ ಒಂದು ಸುತ್ತು ತಿರುಗಿಸಿ. ಒಂದೂ ಉಪಯೋಗಕ್ಕೆ ಬರುವಂಥದ್ದಲ್ಲ. ಬಾತಿಮಾ ಎಲ್ಲದಕ್ಕೂ ತಲೆಯಾಡಿಸಿದಳು. ಕುವಾಂದಿಕ್ ಮಾತ್ರ ಮೂರನ್ನು ಬರೆದುಕೊಂಡ.

ಗಂಟೆಗೊಮ್ಮೆ ರೈಸಾ ಕೊಳವೆ ಒಯ್ದಳು. ಮೊದಲ ಗಂಟೆ ಹುಲ್ಲು. ಮೂರನೆಯ ಗಂಟೆ ಹುಲ್ಲು. ಐದನೆಯ ಗಂಟೆಗೆ ಕುವಾಂದಿಕ್ ಒಂದು ಛಾಯೆ ಗುಲಾಬಿ ಕಾಣುತ್ತಿದೆ ಎಂದ. ಅದು ಅವನ ಕೊರಳಪಟ್ಟಿಯ ಬಣ್ಣ ಗಾಜಿನಲ್ಲಿ ಕಂಡದ್ದು ಎಂದು ರೈಸಾ ಅವನನ್ನು ಕಿಟಕಿಯಿಂದ ಆಚೆ ಸರಿಸಿದಳು. ಬಾತಿಮಾ ಐದು ಗಂಟೆಯೂ ನಿಂತೇ ಇದ್ದಳು. ಮಾವ ಇರುವ ಕೋಣೆಯಲ್ಲಿ ಸೊಸೆ ಕೂರುವುದಿಲ್ಲ.

ನಾಲ್ಕಕ್ಕೆ ಕೊನೆಯ ಕೊಳವೆ ಹೊರಬಂತು. ರೈಸಾ ಅದನ್ನು ಅಳತೆಯಂತ್ರಕ್ಕೆ ಕೊಟ್ಟಳು, ಅಂಕಿ ನೋಡಿದಳು, ಕನ್ನಡಕ ಒರೆಸಿದಳು, ಮತ್ತೆ ನೋಡಿದಳು.

"ಮಿತಿಯ ಮೂರನೇ ಒಂದು ಪಾಲು," ಅಂದಳು. ಮೂವತ್ತು ವರ್ಷಗಳಿಂದ ಮಡಚಿಟ್ಟಿದ್ದ ಮುಖದಲ್ಲಿ ಒಂದು ನಗೆ ಬಿಚ್ಚಿಕೊಂಡಿತು. ಮಡಿಕೆಗಳು ಇನ್ನೂ ಹಾಗೇ ಇದ್ದವು.

ಪಂಪು ಬಿಚ್ಚಿದರು. ಚಕ್ರದ ಬೆನ್ನ ಹಿಂದೆ ಹೆಪ್ಪಿನ ಚೂರೂ ಇಲ್ಲ, ಬೆಣಚುಕಲ್ಲಿನಂತೆ ಚೊಕ್ಕ. ಪರೀಕ್ಷಕರು ಒಬ್ಬೊಬ್ಬರಾಗಿ ಸಹಿ ಹಾಕಿದರು. ಕುವಾಂದಿಕ್ ಗಂಟಲು ಸರಿಮಾಡಿಕೊಂಡು, "ನಮ್ಮ ಸಂಸ್ಥೆಯ ಪಂಪಿನ ಮೇಲೆ ನನಗೆ ಮೊದಲಿಂದ್ಲೂ ನಂಬಿಕೆ ಇತ್ತು," ಎಂದು ಶುರುಮಾಡಿ, ಬೀಗವನ್ನು ಮೆಲ್ಲಗೆ ಜೇಬಿಗೆ ಇಳಿಸಿದ. "ಕಾರ್ಖಾನೆ ಇರುತ್ತೆ ಬಾತಿಮಾ. ಮುಂದಿನ ತಿಂಗಳಿಂದ ಕರುಗಳ ಮೇಲೆ ಪರೀಕ್ಷೆ."

ಅಷ್ಟು ಕೇಳಿದ್ದೇ ತಡ, ಬಾತಿಮಾ ಮಾವನ ಎದುರಿಗೇ, ಗೋಡೆಯ ಪಕ್ಕದ ಬೆಂಚಿನ ಮೇಲೆ ಧೊಪ್ಪನೆ ಕೂತುಬಿಟ್ಟಳು. ಏಳಲು ನೋಡಿದಳು, ಆಗಲಿಲ್ಲ.

"ಕೂತ್ಕೋ, ಕೂತ್ಕೋ," ಅಂದ ತಾಸ್ತೆಮಿರ್. ಸುತ್ತ ನೋಡಿದ. ಸ್ಟೌ ಮೇಲೆ ರೈಸಾಳ ಚಹಾದ ಕೆಟಲು ಕುದಿಯುತ್ತಿತ್ತು. ಎಪ್ಪತ್ತೆಂಟು ವರ್ಷದಲ್ಲಿ ಆ ಮುದುಕ ಕುಡಿದ ಚಹಾ ಕ್ಯಾಸ್ಪಿಯನ್ ಸಮುದ್ರದಷ್ಟು. ತಾನಾಗಿ ಸುರಿದದ್ದು ಒಂದು ಹನಿಯೂ ಇಲ್ಲ. ಸುರಿಯುವುದು ಮನೆಯ ಸೊಸೆಯರ ಕೆಲಸ. ಅವನು ಎದ್ದ, ಬಟ್ಟಲು ಹುಡುಕಿದ, ಎರಡು ಕೈಯಲ್ಲಿ ಕೆಟಲು ಹಿಡಿದು, ನಾಲಿಗೆ ಹೊರಗೆ ಹಾಕಿ, ಅಂಚಿನವರೆಗೆ ಬಗ್ಗಿಸಿದ. ಹಾಲು ಹಾಕಿದ. ಬಟ್ಟಲು ಉಕ್ಕಿ ಅವನ ಬೆರಳ ಮೇಲೆ ಹರಿಯಿತು.

ಪರೀಕ್ಷಕರು ಮುಖಮುಖ ನೋಡಿಕೊಂಡರು. ಬಟ್ಟಲಿಗೆ ಅರ್ಧ ಸುರಿದರೆ ಇನ್ನೂ ಕೂರು, ಮತ್ತೆ ಸುರಿಯುತ್ತೇನೆ ಎಂದು ಅರ್ಥ. ತುಂಬಿಸಿ ಕೊಟ್ಟರೆ, ಕುಡಿದು ಜಾಗ ಖಾಲಿ ಮಾಡು ಎಂದು. ಸುರಿದು ಗೊತ್ತಿಲ್ಲದವನಿಗೆ ಇದೆಲ್ಲ ಎಲ್ಲಿಂದ ಗೊತ್ತಿರಬೇಕು?

"ಅಜ್ಜಾ," ಅಂದಳು ರೈಸಾ, "ಇಷ್ಟು ದಿನ ಒದ್ದಾಡಿ ಗೆದ್ದ ಸೊಸೇಗೆ ಎದ್ದು ಹೋಗು ಅಂತಿದೀರಲ್ಲ?"

ತಾಸ್ತೆಮಿರ್ ಬಟ್ಟಲು ನೋಡಿದ. ತುಂಬಿತ್ತು. ಅವನ ಕಿವಿ ಕೆಂಪಗಾಯಿತು, ಆದರೆ ತಲೆ ಬಗ್ಗಲಿಲ್ಲ.

"ಹೌದು, ಹೋಗ್ಲಿ!" ಅಂದ. "ಮಂಗಳವಾರದಿಂದ ಮನೇಲಿ ಊಟ ಮಾಡಿಲ್ಲ ಈ ಹುಡುಗಿ. ಕುಡಿದು ನೆಟ್ಟಗೆ ಮನೆಗೆ ಹೋಗಿ ಮಲಕ್ಕೊಳ್ಳಲಿ. ಪಂಪು ನಾನು ನೋಡ್ಕೋತೀನಿ."

"ನೀವಾ?" ಅಂದ ಕುವಾಂದಿಕ್, ಗಾಬರಿಯಿಂದ.

"ಯಾಕೆ? ಅದೇನು ಒದೆಯುತ್ತಾ?"

ಬಾತಿಮಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎತ್ತುವಾಗಲೇ ಅರ್ಧ ಲಂಗದ ಮೇಲೆ ಚೆಲ್ಲಿತು. ಉಳಿದದ್ದನ್ನು ಒಂದು ಹನಿ ಬಿಡದೆ ಕುಡಿದಳು.